ಮಾಹಿತಿ ನನ್ನದು, ಮಾಲೀಕ ಯಾರು?

ಬೆರಳಚ್ಚು, ಆಧಾರ್ ಸಂಖ್ಯೆ, ಆಸ್ಪತ್ರೆಯ ರಿಪೋರ್ಟ್ ಎಲ್ಲ ನನ್ನವೇ ಅಂದಮೇಲೆ ಮಾಲೀಕನೂ ನಾನೇ ಅಲ್ಲವೇ? ಈ ವಿಷಯಕ್ಕೆ ಹೊಸದಾಗಿ ಬರುವವರು ಹೀಗೇ ಕೇಳುತ್ತಾರೆ. ನಮ್ಮ ಕಾನೂನು ಇದಕ್ಕೆ ಹೌದು ಎನ್ನುವುದಿಲ್ಲ. ಹಾಗಂತ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ.

ಸೈಟು ಮಾರಿದರೆ ಅದರ ಋಣ ಅಲ್ಲಿಗೆ ತೀರಿತು. ಬೆರಳಚ್ಚು ಮಾರಿದರೆ ಬೆರಳು ನಿಮ್ಮ ಕೈಯಲ್ಲೇ ಉಳಿಯುತ್ತದೆ, ದುರುಪಯೋಗವಾದರೆ ಅದರ ಪಾಡೂ ನಿಮ್ಮದೇ. ಇನ್ನು ನೀವು ಗೆಳೆಯನಿಗೆ ಹಣ ಕಳಿಸಿದ ದಾಖಲೆ ಯಾರ ಸೊತ್ತು? ನಿಮ್ಮದೋ, ಅವನದೋ, ಬ್ಯಾಂಕಿನದೋ? ಆಸ್ತಿಯ ಲೆಕ್ಕ ಇಲ್ಲಿ ತಾಳೆಯಾಗದು. ಅದಕ್ಕೇ ಕಾನೂನು ಹಿಡಿದದ್ದು ಹಕ್ಕಿನ ದಾರಿ.

ಆ ದಾರಿ ತೆರೆಸಿದವರಲ್ಲಿ ಒಬ್ಬರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು: ಹಕ್ಕು ಹೌದು. ಮರುವರ್ಷ ಬೇರೊಂದು ಪೀಠ 4–1ರ ಬಹುಮತದಲ್ಲಿ ಆಧಾರ್ ಕಾಯ್ದೆಯನ್ನು ಉಳಿಸಿತಾದರೂ, ಖಾಸಗಿ ಕಂಪನಿಗಳು ಆಧಾರ್ ಕೇಳಲು ದಾರಿ ಮಾಡಿದ್ದ 57ನೇ ಸೆಕ್ಷನ್ನಿಗೆ ಕತ್ತರಿ ಹಾಕಿತು.

ಇಷ್ಟಾದ ಮೇಲೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಇದರಲ್ಲಿ ನೀವು ಡೇಟಾ ಪ್ರಿನ್ಸಿಪಲ್; ನಿಮ್ಮ ಮಾಹಿತಿಯನ್ನು ಏಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸುವ ಸಂಸ್ಥೆ ಡೇಟಾ ಫಿಡ್ಯೂಶಿಯರಿ, ಅಂದರೆ ನಂಬಿಕೆಯ ಹೊಣೆ ಹೊತ್ತವರು. ಒಪ್ಪಿಗೆ ಪಡೆಯುವಾಗ ಯಾವ ಮಾಹಿತಿ, ಯಾವ ಕೆಲಸಕ್ಕೆ ಎಂದು ಅವರು ತಿಳಿಸಲೇಬೇಕು. ಕೊಟ್ಟ ಒಪ್ಪಿಗೆಯನ್ನು ನೀವು ಹಿಂಪಡೆಯಬಹುದು, ತಪ್ಪನ್ನು ತಿದ್ದಿಸಬಹುದು, ಅಳಿಸಲು ಕೇಳಬಹುದು. ನೀವು ಇಲ್ಲವಾದ ಮೇಲೆ ಈ ಹಕ್ಕು ಚಲಾಯಿಸಲು ನಾಮಿನಿಯನ್ನೂ ಹೆಸರಿಸಬಹುದು.

ನನ್ನ ತಕರಾರಿರುವುದು ದಂಡದ ಬಗ್ಗೆ. ಮಾಹಿತಿ ಸೋರಿಹೋಗದಂತೆ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು, ಸರಿ. ಆ ಹಣ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಪೆಟ್ಟು ತಿಂದವರಿಗಲ್ಲ. ಹಳೆಯ ಐಟಿ ಕಾಯ್ದೆಯ 43ಎ ಸೆಕ್ಷನ್ನಿನಲ್ಲಿ ಪರಿಹಾರಕ್ಕೊಂದು ದಾರಿಯಿತ್ತು. ಅದನ್ನು ತೆಗೆದುಹಾಕುವ ತಿದ್ದುಪಡಿಯೂ ಈ ಕಾಯ್ದೆಯೊಳಗೇ ಇದೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ತನ್ನಲ್ಲೇ ಇಟ್ಟುಕೊಂಡಿದೆ.

ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಕಟ್ಟಳೆಗಳ ಜಾರಿಗೆ ಅಲ್ಲಿಂದ 18 ತಿಂಗಳು. ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗಿರಬೇಕು ಎಂಬುದೂ ಕಾಯ್ದೆಯಲ್ಲಿದೆ. ಕನ್ನಡದಲ್ಲೇ ಕೇಳಿ.