ಅಟ್ಟಕ್ಕೆ ಬಂದ ಪಕ್ಕದ ಮನೆ ಕಾಯಿ

ಮಗ, ನಿನ್ನೆ ಸಂಜೆ ನಮ್ಮ ಜಗಲಿ ಮೇಲೆ ಕೂತು ಪಾಸ್‌ಬುಕ್ಕನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ ಮಾಡುತ್ತಿದ್ದೆಯಲ್ಲ, ನಿನ್ನ ಮುಖ ನೋಡಿ ನನಗೆ ಕರುಳು ಚುರುಕ್ ಅಂತು. "ಮೇಷ್ಟ್ರೇ, ಪೊಲೀಸ್ನೋರು ಬರ್ತಾರಾ?" ಅಂತ ಕೇಳಿದೆ. ನಿಮ್ಮವ್ವ ಪಕ್ಕದಲ್ಲೇ ಇದ್ದಳು, ಎಲ್ಲವನ್ನೂ ಬಿಡಿಸಿ ಹೇಳಲು ಆಗಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿ ಓಡಿತು. ಅದಕ್ಕೇ ಬರೆದು ಕೊಡುತ್ತಿದ್ದೇನೆ. ಪಾಳಿ ಮುಗಿಸಿ ರೂಮಿಗೆ ಹೋದಮೇಲೆ ನಿಧಾನವಾಗಿ ಓದಿಕೋ.

ಮೊದಲು ನಡೆದದ್ದನ್ನು ನಡೆದ ಹಾಗೆ ಇಟ್ಟುಕೊಳ್ಳೋಣ. ನೀನು ಬಿಕಾಂ ಮುಗಿಸಿದ್ದು 2022-23ನೇ ಸಾಲಿನಲ್ಲಿ. 2023ರ ಡಿಸೆಂಬರ್ 26ಕ್ಕೆ ಸರ್ಕಾರದ ಯುವನಿಧಿ ಭತ್ಯೆಗೆ ನೋಂದಣಿ ಶುರುವಾದಾಗ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಈ ಹಣ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮುಖ್ಯಮಂತ್ರಿಗಳು ಚಾಲನೆ ಕೊಟ್ಟಿದ್ದನ್ನು ನಮ್ಮ ಮನೆಯ ಟಿವಿಯಲ್ಲೇ ನೋಡಿದೆ, ನೆನಪಿದೆಯಾ? ಕೊಡುವುದು ಎರಡು ವರ್ಷದವರೆಗೆ, ಇಲ್ಲವೇ ಕೆಲಸ ಸಿಗುವವರೆಗೆ, ಯಾವುದು ಮೊದಲೋ ಅದು. ನಿನಗೆ ಆಗಸ್ಟ್ 12ಕ್ಕೆ ವಸಂತನರಸಾಪುರದಲ್ಲಿ ಕೆಲಸ ಸಿಕ್ಕಿತು. ಆಮೇಲೂ ಐದು ಸಲ ಹಣ ಜಮೆಯಾಗಿದೆ. ಪಾಸ್‌ಬುಕ್ಕಿನಲ್ಲಿ ಫ್ಯಾಕ್ಟರಿಯ ಸಂಬಳದ ಸಾಲು, ಅದರ ಕೆಳಗೇ ಮೂರು ಸಾವಿರದ ಸಾಲು. ಒಂದರ ಕೆಳಗೊಂದು ಐದು ಸಲ. ನೀನು ಬೆರಳಿಟ್ಟು ತೋರಿಸಿದಾಗ ಬೆರಳು ನಡುಗುತ್ತಿತ್ತು.

ಹೇಗೆ ಬಂತು? ಅದೂ ನಿನಗೆ ಗೊತ್ತು. 'ನನಗೆ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ' ಅಂತ ತಿಂಗಳ 25ರೊಳಗೆ ಸ್ವಯಂ ಘೋಷಣೆ ಮಾಡಬೇಕಿತ್ತು. ಅದನ್ನು ಸೈಬರ್ ಅಂಗಡಿಯ ಹುಡುಗನಿಗೆ ವಹಿಸಿದ್ದೆ. ಅವನು ಫೋನ್ ಮಾಡಿ ಒಟಿಪಿ ಕೇಳುತ್ತಿದ್ದ, ನೀನು ಫ್ಯಾಕ್ಟರಿ ಗೇಟಿನಲ್ಲಿ ನಿಂತು ಹೇಳುತ್ತಿದ್ದೆ. "ಏನಕ್ಕೆ ಅಂತ ಕೇಳಲೇ ಇಲ್ಲ" ಅಂದೆ. ನಿನ್ನ ಮಾತನ್ನು ನಂಬುತ್ತೇನೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಒಟಿಪಿ ಕೊಟ್ಟರೆ ಸಹಿ ಹಾಕಿದ ಹಾಗೆ. ಆ ಹುಡುಗನ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಳ್ಳಲು ಹೋಗಬೇಡ. ಅವನಿಗೆ ಇಪ್ಪತ್ತು ರೂಪಾಯಿಯ ಕೆಲಸ, ನಿನಗೆ ನಿನ್ನ ಹೆಸರು.

ಹಾಗಂತ ನೀನು ಕಳ್ಳನಲ್ಲ. ನಿಮ್ಮ ತಾತನ ಕಾಲದ್ದು ಹೇಳುತ್ತೇನೆ. ಆಗ ನಿಮ್ಮ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಬೇಲಿ ಇರಲಿಲ್ಲ. ಒಂದೇ ದಿನ ಎರಡು ಕಡೆಯೂ ಕಾಯಿ ಕೆಡವಿಸಿದರು, ಗಾಡಿಯವನು ಕತ್ತಲಲ್ಲಿ ನಿಮ್ಮ ರಾಶಿಯ ಒಂದಷ್ಟನ್ನು ನಮ್ಮ ಮನೆಗೆ ಸುರಿದುಬಿಟ್ಟ. ಬೆಳಗ್ಗೆ ಎದ್ದವರೇ ನಮ್ಮಪ್ಪ ನಿಮ್ಮ ತಾತನನ್ನು ಕರೆಸಿದರು. ಅಟ್ಟಕ್ಕೆ ಏರಿಸುವ ಮೊದಲೇ ಇಬ್ಬರೂ ಕೂತು ಎಣಿಸಿದರು. ನೂರು ತುಂಬಿದ ಹಾಗೆಲ್ಲ ಒಂದು ಕಾಯಿ ಪಕ್ಕಕ್ಕೆ ಇಡುವುದು, ಕೊನೆಗೆ ಪಕ್ಕಕ್ಕಿಟ್ಟ ಕಾಯಿ ಎಣಿಸಿದರೆ ಎಷ್ಟು ನೂರು ಅಂತ ತಿಳಿಯುತ್ತಿತ್ತು. "ಅಟ್ಟ ಹತ್ತಿದ ಮೇಲೆ ಯಾರ ಕಾಯಿ ಯಾರದ್ದು ಅಂತ ಹೇಳೋನು ಯಾವನು?" ಅಂದರು ನಮ್ಮಪ್ಪ. ಕಾಯಿ ಬಂದದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೂ ಕಾಯಿ ಅವರದಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿನಿಂದ ಕೈಸೇರಿದ ಹಣವನ್ನು ಪಡೆದವನು ಹಿಂತಿರುಗಿಸಬೇಕು. ಕೊಟ್ಟವರದೇ ತಪ್ಪಿದ್ದರೂ ಹಿಂತಿರುಗಿಸಬೇಕು. ಇನ್ನು ಸುಳ್ಳು ಘೋಷಣೆ ಕೊಟ್ಟರೆ ದಂಡ ಅಂತ ಯೋಜನೆಯ ಷರತ್ತಿನಲ್ಲೇ ಇದೆ. ನಿನ್ನ ಪಿಎಫ್ ಖಾತೆಗೂ ಆಧಾರ್ ಜೋಡಿಸಿದ್ದಾರೆ, ಯುವನಿಧಿಗೂ ಅದೇ ಆಧಾರ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಕಷ್ಟದ ಕೆಲಸವಲ್ಲ. ಅವರು ನೋಡಿ ನೋಟಿಸು ಕಳಿಸುವುದಕ್ಕೂ, ನೀನಾಗಿ ಹೋಗಿ ಹೇಳುವುದಕ್ಕೂ ಅಜಗಜಾಂತರ ಇದೆ. ತಾನೇ ಬಂದು ಹೇಳಿದವನನ್ನು ಅಧಿಕಾರಿ ನೋಡುವ ಕಣ್ಣೇ ಬೇರೆ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಸರ್ವಿಸಿನಲ್ಲಿದ್ದಾಗ ಒಮ್ಮೆ ವೇತನ ನಿಗದಿ ಮಾಡುವಾಗ ನನಗೆ ಒಂದು ಇನ್‌ಕ್ರಿಮೆಂಟು ಹೆಚ್ಚಿಗೆ ಹಾಕಿಬಿಟ್ಟರು. ಸಂಬಳದ ಚೀಟಿ ನೋಡಿದ ದಿನವೇ ನನಗೆ ಗೊತ್ತಾಯಿತು. ನೋಡಿಯೂ ಸುಮ್ಮನಿದ್ದೆ. 'ಅವರೇ ಕೊಟ್ಟಿದ್ದಾರೆ, ಕೇಳಿದರೆ ನೋಡೋಣ' ಅಂದುಕೊಂಡೆ. ನಾಲ್ಕು ವರ್ಷದ ಮೇಲೆ ಆಡಿಟ್‌ನವರು ಹಿಡಿದರು. ಮಗಳ ಮದುವೆ ಗೊತ್ತಾಗಿದ್ದ ವರ್ಷವೇ ಸಂಬಳದಲ್ಲಿ ಕಟಾವಣೆ ಶುರುವಾಯಿತು. ಎಷ್ಟು ತಿಂಗಳಿಗೆ ಎಷ್ಟು ಅಂತ ಲೆಕ್ಕ ಕೇಳಲೂ ನಾಚಿಕೆಯಾಗಿ ಅವರು ಬರೆದಷ್ಟನ್ನೂ ಒಪ್ಪಿಕೊಂಡೆ. ನಿವೃತ್ತಿಯ ಹೊತ್ತಿಗೆ ಸರ್ವಿಸ್ ರಿಜಿಸ್ಟರ್ ತೆಗೆಸಿ ನೋಡಿದರೆ, ನಾನು ಸಂಬಳವೇ ಇಲ್ಲದ ರಜೆಯಲ್ಲಿದ್ದ ತಿಂಗಳಿಗೂ ಹಿಡಿದಿದ್ದರು. ಆಗ ಯಾರನ್ನು ಕೇಳಲಿ? ಸುಮ್ಮನಿದ್ದದ್ದು ನನ್ನ ಒಂದು ತಪ್ಪು, ಲೆಕ್ಕ ಕೇಳದೆ ಇದ್ದದ್ದು ಇನ್ನೊಂದು. ಎರಡನೆಯದು ನನ್ನನ್ನು ಈಗಲೂ ಕೊರೆಯುತ್ತದೆ.

ಅದಕ್ಕೇ ಹೇಳುವುದು. ಹದಿನೈದು ಸಾವಿರ ಅಂತ ನೀನೇ ತೀರ್ಮಾನ ಮಾಡಿಕೊಂಡು ಕೂತಿದ್ದೀಯಲ್ಲ, ಅದು ಸರಿಯಲ್ಲ. ಹಣ ಜಮೆಯಾದ ತಾರೀಖು ಬೇರೆ, ಯಾವ ತಿಂಗಳ ಬಾಬ್ತು ಅನ್ನುವುದು ಬೇರೆ. ಈ ಹಣ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಆಗಸ್ಟ್ ಕೊನೆಯಲ್ಲಿ ಬಂದದ್ದು ಜೂನ್ ತಿಂಗಳದ್ದಿರಬಹುದು. ಹಾಗಿದ್ದರೆ ಅದು ನಿನ್ನದೇ. ಆಗ ನೀನು ಬಸ್ ಚಾರ್ಜಿಗೂ ಅಪ್ಪನ ಮುಖ ನೋಡುತ್ತಿದ್ದೆ, ನಾನೇ ಕಂಡಿದ್ದೇನೆ. ಡಿಬಿಟಿ ಕರ್ನಾಟಕ ಆ್ಯಪಿನಲ್ಲಿ ಏನೇನು ಬಂದಿದೆ ಅಂತ ನೋಡು. ಅದನ್ನೂ ಪಾಸ್‌ಬುಕ್ಕನ್ನೂ ಎದುರಿಗಿಟ್ಟುಕೊಂಡು ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕು. ಜಮೆಯಾದ ದಿನ, ಮೊತ್ತ, ಯಾವ ತಿಂಗಳಿಗೆ. ಮೂರನೆಯ ಅಂಕಣ ತುಂಬಲು ಆಗದಿದ್ದರೆ ಖಾಲಿ ಬಿಡು. ಅದನ್ನು ತುಂಬಬೇಕಾದವರು ಕಚೇರಿಯವರು.

ಸರ್ಕಾರ ಹೇಳಿದ ಲೆಕ್ಕ ತಪ್ಪಿರಲಾರದು ಅಂತ ತಿಳಿಯಬೇಡ. ಆಸ್ಟ್ರೇಲಿಯಾದಲ್ಲಿ ಏನಾಯಿತು ಗೊತ್ತಾ? ಅಲ್ಲಿ ನಿರುದ್ಯೋಗಿಗಳಿಗೆ ಹದಿನೈದು ದಿನಕ್ಕೊಮ್ಮೆ ಭತ್ಯೆ ಕೊಡುತ್ತಾರೆ. 2015ರಿಂದೀಚೆಗೆ ಜನರ ವರ್ಷದ ಆದಾಯವನ್ನು ಕಂಪ್ಯೂಟರ್ ಸಮನಾಗಿ ಹಂಚಿ, 'ಈ ಹದಿನೈದು ದಿನ ನೀನು ದುಡಿಯುತ್ತಿದ್ದೆ, ಭತ್ಯೆ ವಾಪಸ್ ಕೊಡು' ಅಂತ ಲಕ್ಷಾಂತರ ನೋಟಿಸು ಕಳಿಸಿತು. ಅರ್ಧ ವರ್ಷ ದುಡಿದು ಅರ್ಧ ವರ್ಷ ಕೆಲಸ ಇಲ್ಲದೆ ಕೂತವನ ಗತಿ ಏನು? ಇಲ್ಲದ ಸಾಲ ಅವನ ತಲೆಗೆ ಬಿತ್ತು. ಹೆದರಿ ಕಟ್ಟಿದವರು ಎಷ್ಟೋ ಮಂದಿ. ಕೋರ್ಟಿಗೆ ಹೋದಮೇಲೆ 2020ರಲ್ಲಿ ಸರ್ಕಾರವೇ 72 ಕೋಟಿ ಡಾಲರಿನಷ್ಟು ಹಣ ಹಿಂತಿರುಗಿಸಲು ಒಪ್ಪಿಕೊಂಡಿತು. 2023ರಲ್ಲಿ ವಿಚಾರಣಾ ಆಯೋಗ ಆ ವಸೂಲಿಯನ್ನು ಕಟುವಾಗಿ ಖಂಡಿಸಿ ವರದಿ ಕೊಟ್ಟಿತು. ಪತ್ರಿಕೆಯಲ್ಲಿ ಓದಿದಾಗ ನನಗೆ ನನ್ನ ರಜೆಯ ತಿಂಗಳು ನೆನಪಾಯಿತು. ನೀನು ಕೊಡಬೇಕಾದ್ದು ಒಂದು ರೂಪಾಯಿಯೂ ಉಳಿಯಬಾರದು, ನಿನ್ನದು ಒಂದು ರೂಪಾಯಿಯೂ ಹೋಗಬಾರದು.

ಈಗ ಮಾಡಬೇಕಾದ್ದು. ಇವತ್ತೇ ಆ ಸೈಬರ್ ಹುಡುಗನಿಗೆ ಫೋನ್ ಮಾಡಿ ಇನ್ನು ನನ್ನ ಹೆಸರಲ್ಲಿ ಏನೂ ಒತ್ತಬೇಡ ಅನ್ನು. ಹೊಸ ಘೋಷಣೆ ಒಂದೂ ಹೋಗಬಾರದು. ನಡೆದದ್ದು ಅಜ್ಞಾನ ಅನ್ನಬಹುದು, ತಿಳಿದ ಮೇಲೆ ಇನ್ನೊಂದು ಸಲ ಆದರೆ ನಾನೂ ನಿನ್ನ ಪರ ಮಾತಾಡುವ ಹಾಗಿಲ್ಲ.

ಆಮೇಲೆ ಅರ್ಜಿ. ಅದು ಕಂದಿಕೆರೆ ನಾಡಕಚೇರಿಯಲ್ಲಿ ಮುಗಿಯುವ ಕೆಲಸವಲ್ಲ, ಅವರನ್ನು ಸುಮ್ಮನೆ ಕಾಡಬೇಡ. ಈ ಯೋಜನೆ ಕೌಶಲ್ಯಾಭಿವೃದ್ಧಿ ಇಲಾಖೆಯದ್ದು. ತುಮಕೂರಿನ ಜಿಲ್ಲಾ ಕಚೇರಿಗೇ ಕೊಡಬೇಕು. ನೀನು ಇರುವುದೂ ಆ ಕಡೆಯೇ. ಎರಡು ಪ್ರತಿ ಬರಿ. ವಿಷಯದ ಸಾಲಿನಲ್ಲಿ, 'ಯುವನಿಧಿ ಯೋಜನೆಯಡಿ ಹೆಚ್ಚುವರಿಯಾಗಿ ಜಮೆಯಾದ ಮೊತ್ತವನ್ನು ಹಿಂತಿರುಗಿಸುವ ಬಗ್ಗೆ' ಅಂತ ಹಾಕು. ಕೆಳಗೆ ಉದ್ದದ ಪುರಾಣ ಬೇಡ. 'ನಾನು ದಿನಾಂಕ 12-8-2024ರಂದು ಉದ್ಯೋಗಕ್ಕೆ ಸೇರಿರುತ್ತೇನೆ. ಸ್ವಯಂ ಘೋಷಣೆಯನ್ನು ಬೇರೆಯವರ ಮೂಲಕ ಮಾಡಿಸುತ್ತಿದ್ದ ಕಾರಣ ಉದ್ಯೋಗ ದೊರೆತ ವಿಷಯ ನಮೂದಾಗಿರುವುದಿಲ್ಲ. ನಂತರವೂ ಲಗತ್ತಿಸಿದ ಪಟ್ಟಿಯಂತೆ ಹಣ ಜಮೆಯಾಗಿದೆ. ನಾನು ಅರ್ಹನಲ್ಲದ ತಿಂಗಳುಗಳ ಮೊತ್ತವನ್ನು ತಿಂಗಳುವಾರು ಲೆಕ್ಕ ಮಾಡಿ ಲಿಖಿತವಾಗಿ ತಿಳಿಸಿ, ಪಾವತಿಸಬೇಕಾದ ಲೆಕ್ಕ ಶೀರ್ಷಿಕೆಯನ್ನು ನೀಡಬೇಕಾಗಿ ಕೋರುತ್ತೇನೆ. ಮುಂದಿನ ಪಾವತಿಯನ್ನು ನಿಲ್ಲಿಸಬೇಕಾಗಿಯೂ ವಿನಂತಿ.' ಇಷ್ಟೇ ಸಾಕು. ನೇಮಕಾತಿ ಪತ್ರದ ಜೆರಾಕ್ಸ್, ಪಾಸ್‌ಬುಕ್ ಪುಟದ ಜೆರಾಕ್ಸ್, ನಿನ್ನ ಪಟ್ಟಿ, ಮೂರನ್ನೂ ಲಗತ್ತಿಸು. ಟಪಾಲಿನಲ್ಲಿ ಕೊಟ್ಟು, ಎರಡನೇ ಪ್ರತಿಯ ಮೇಲೆ ಮುದ್ರೆ, ತಾರೀಖು, ಸಹಿ ಹಾಕಿಸಿಕೊಂಡೇ ಈಚೆ ಬಾ. "ಇಟ್ಟು ಹೋಗಪ್ಪ, ನೋಡ್ತೀವಿ" ಅಂದರೆ ಕೈಮುಗಿದು ನಿಂತುಕೋ, ಹೋಗಬೇಡ. ರಜೆ ಸಿಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೋ. ಎಷ್ಟು ದಿನವಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಇದೆ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕೇಳಬಹುದು. ಆ ಹೊತ್ತಿಗೆ ನನ್ನ ಹತ್ತಿರ ಬಾ.

ಹಣ ಕಟ್ಟುವಾಗ ಮಾತ್ರ ಮೈಯೆಲ್ಲ ಕಣ್ಣಾಗಿರು. ಸರ್ಕಾರದ ಹಣ ಸರ್ಕಾರಕ್ಕೆ ಹೋಗುವುದು ಖಜಾನೆ-2ರ ಚಲನ್ ಮೂಲಕ, ಕಚೇರಿಯವರು ಬರೆದುಕೊಟ್ಟ ಲೆಕ್ಕ ಶೀರ್ಷಿಕೆಗೆ. ಯಾರ ಕೈಗೂ ನಗದು ಕೊಡಬೇಡ, ಯಾರ ಫೋನ್‌ಪೇಗೂ ಹಾಕಬೇಡ, ಅವರು ಎಷ್ಟೇ ನಯವಾಗಿ ಮಾತಾಡಲಿ. "ನಿಮ್ಮ ಯುವನಿಧಿ ವಾಪಸ್ ಕಟ್ಟದಿದ್ದರೆ ಕೇಸ್ ಆಗುತ್ತೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಫೋನ್ ಬಂದರೆ ಅದು ಮೋಸ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಹೆದರಿದವನ ಕಿವಿಗೆ ಎಲ್ಲ ಸುಳ್ಳೂ ನಿಜದ ಹಾಗೇ ಕೇಳಿಸುತ್ತದೆ, ನಿನ್ನ ಈಗಿನ ಸ್ಥಿತಿ ಹಾಗಿದೆ ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೋಟೆಲಿನ ಮುಂದೆ ಕೂತವರು ಇನ್ನೊಂದು ಹೇಳುತ್ತಾರೆ. "ಸುಪ್ರೀಂ ಕೋರ್ಟೇ ವಸೂಲಿ ಮಾಡಬಾರದು ಅಂದಿದೆಯಂತೆ, ನೀನ್ಯಾಕೆ ಕಟ್ತೀಯ?" ಅಂಥ ತೀರ್ಪು ಇರುವುದು ನಿಜ. 2014ರ ಡಿಸೆಂಬರಿನದು, ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣ. ಅದು ಕೆಳದರ್ಜೆಯ ನೌಕರರಿಗೆ, ನಿವೃತ್ತರಿಗೆ, ತಮ್ಮದೇನೂ ತಪ್ಪಿಲ್ಲದೆ ಹೆಚ್ಚು ಸಂಬಳ ಪಡೆದವರಿಗೆ ಸಿಕ್ಕ ಆಸರೆ. ಸ್ವಂತ ಘೋಷಣೆಯ ಮೇಲೆ ಬಂದ ಭತ್ಯೆಗೆ ಅದನ್ನು ಎಳೆದು ತರಲು ಆಗದು. ಒಂದು ವೇಳೆ ಕಚೇರಿಯವರು ಹೇಳಿದ ಲೆಕ್ಕ ತೀರಾ ಅನ್ಯಾಯ ಅನ್ನಿಸಿದರೆ ಕಾನೂನು ಸೇವಾ ಸಮಿತಿಯವರನ್ನು ಕೇಳೋಣ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಇನ್ನು ನಿಮ್ಮವ್ವನ ವಿಷಯ. ಆ ಹಣದಲ್ಲಿ ಹಸುವಿಗೆ ಬೂಸಾ, ಹಿಂಡಿ ತಂದಿದ್ದಾಳೆ, ಸಂಘದ ಕಂತು ಕಟ್ಟಿದ್ದಾಳೆ. ಅವಳಿಗೆ ಅದು ಮಗ ದುಡಿದು ಕಳಿಸಿದ ಹಣ. ಅವಳ ಮುಂದೆ 'ನೀನು ಖರ್ಚು ಮಾಡಿದೆ' ಅನ್ನುವ ಮಾತು ನಿನ್ನ ಬಾಯಲ್ಲಿ ಬರಕೂಡದು. ನೀನು ಎದ್ದು ಹೋದಮೇಲೆ ನನ್ನ ಹತ್ತಿರ ಸಣ್ಣ ದನಿಯಲ್ಲಿ, "ಮೇಷ್ಟ್ರೇ, ಅಟ್ಟದಾಗಿರೋ ಕಾಯಿ ಸುಲಿಸಿ ತಿಪಟೂರಿಗೆ ಹಾಕ್ಬಿಡ್ಲಾ?" ಅಂದಳು. ಬೇಡ ಅಂದೆ. ಬೆಳಗ್ಗೆ ನಿಮ್ಮ ಮನೆಗೇ ಹೋಗಿ ಏಣಿ ಹತ್ತಿ ನೋಡಿದೆ. ನಾಲ್ಕಾರು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಇನ್ನೂ ನೀರು ಕುಲುಕುತ್ತಿದೆ. ನೀರೆಲ್ಲ ಇಂಗಿ, ಗಿಟುಕು ಚಿಪ್ಪು ಬಿಟ್ಟು ಟಕಟಕ ಅನ್ನಲು ಇನ್ನೂ ನಾಲ್ಕೈದು ತಿಂಗಳು ಬೇಕು. ಈಗ ಒಡೆಸಿದರೆ ಉಂಡೆ ಕೊಬ್ಬರಿ ಆಗದು, ಬಂದ ಬೆಲೆಗೆ ಕೊಡಬೇಕು. 2024ಕ್ಕೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆಯೇ ಕ್ವಿಂಟಲಿಗೆ 12,000 ಇತ್ತು. ವರ್ಷದ ಫಸಲನ್ನು ಭಯಕ್ಕೆ ಬಲಿ ಕೊಡುವುದು ಬೇಡ.

ಅದರ ಬದಲು ಕಂತು ಕೇಳು. ಅದೇ ಅರ್ಜಿಯ ಕೊನೆಗೆ ಇನ್ನೊಂದು ಸಾಲು ಸೇರಿಸು. 'ನನ್ನ ಕುಟುಂಬದ ಆರ್ಥಿಕ ಸ್ಥಿತಿಯನ್ನು ಪರಿಗಣಿಸಿ ಮಾಸಿಕ ಕಂತುಗಳಲ್ಲಿ ಪಾವತಿಸಲು ಅವಕಾಶ ನೀಡಬೇಕಾಗಿ ಪ್ರಾರ್ಥನೆ.' ಕೊಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು, ಕೇಳುವುದರಲ್ಲಿ ಅವಮಾನವಿಲ್ಲ. ಉತ್ತರ ಬರುವ ತನಕ ತಿಂಗಳಿಗೆ ಎರಡು ಸಾವಿರ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕುತ್ತಾ ಹೋಗು. ಸಂಬಳದ ಖಾತೆಯಲ್ಲೇ ಬಿಟ್ಟರೆ ಅದೂ ಅಟ್ಟ ಹತ್ತಿದ ಕಾಯಿಯೇ. ನೋಟಿಸು ಬಂದ ದಿನ ನಿನ್ನ ಕೈಯಲ್ಲಿ ಹಣವೂ ಇರಬೇಕು, ಕಾಗದವೂ ಇರಬೇಕು.

ಒಮ್ಮೆಗೇ ಕಟ್ಟಲೇಬೇಕು ಅಂದರೂ ಗಾಬರಿ ಬೇಡ. ಕಡಿಮೆ ಬಿದ್ದದ್ದನ್ನು ನಾನು ಕೊಡುತ್ತೇನೆ, ಕೊಬ್ಬರಿ ಮಾರಿದ ಮೇಲೆ ನಿಮ್ಮಪ್ಪ ಕೊಟ್ಟರಾಯಿತು. ಇದನ್ನು ನಿಮ್ಮವ್ವನಿಗೆ ಹೇಳಿದ್ದೇನೆ, ಅವಳು ರಾತ್ರಿ ಊಟ ಮಾಡಿದಳಂತೆ.

ಭಾನುವಾರ ಬರುವಾಗ ನೇಮಕಾತಿ ಪತ್ರ ತರುವುದು ಮರೆಯಬೇಡ. ಅರ್ಜಿಯನ್ನು ನೀನೇ ನಿನ್ನ ಕೈಬರಹದಲ್ಲಿ ಬರೆದುಕೊಂಡು ಬಾ, ನಾನು ಓದಿ ನೋಡುತ್ತೇನೆ. ಸೋಮವಾರ ಅರ್ಧ ದಿನ ರಜೆ ಕೇಳಿಕೋ. ನಾನೂ ಕಣ್ಣು ತೋರಿಸಲು ತುಮಕೂರಿಗೆ ಹೋಗಬೇಕು, ಮೊದಲ ಬಸ್ಸಿಗೇ ಜೊತೆಯಾಗಿ ಹೋಗಿ ಟಪಾಲಿನಲ್ಲಿ ಕೊಟ್ಟು ಬರೋಣ.