‘ಎನಿ ಟೈಮ್ ಓಕೆ ಸರ್’ ಅನ್ನುವ ಮುನ್ನ

ಬೆಂಗಳೂರಿನ ಐಟಿ, ಬಿಪಿಓ ಸಂದರ್ಶನಗಳಲ್ಲಿ ಶಿಫ್ಟಿನ ಮಾತು ಬರುವುದು ಹೆಚ್ಚಾಗಿ ಕೊನೆಯ ಐದು ನಿಮಿಷದಲ್ಲಿ. ಅಷ್ಟು ಹೊತ್ತಿಗೆ ಕೆಲಸ ಸಿಕ್ಕಿತು ಎಂಬ ಖುಷಿಯಲ್ಲಿ ಅಭ್ಯರ್ಥಿ ಕೇಳಿದ್ದಕ್ಕೆಲ್ಲ ಹೂಂ ಅಂದಿರುತ್ತಾನೆ. ದುಬಾರಿಯಾಗುವುದು ಆ ‘ಹೂಂ’.

1. ಟೆಕ್ನಿಕಲ್ ರೌಂಡಿನಲ್ಲಿ ಗಂಟೆಯ ಲೆಕ್ಕ ತೆಗೆಯಬೇಡಿ. ಅದು ಎಚ್‌ಆರ್ ರೌಂಡಿನ ಮಾತು. ಆದರೆ ನೈಟ್ ಶಿಫ್ಟ್ ಸಾಧ್ಯವೇ ಇಲ್ಲ ಎಂದಾದರೆ ಮೊದಲ ಫೋನಿನಲ್ಲೇ ಹೇಳಿಬಿಡಿ. ಇಬ್ಬರ ಸಮಯವೂ ಉಳಿಯುತ್ತದೆ.

2. “ವರ್ಕ್-ಲೈಫ್ ಬ್ಯಾಲೆನ್ಸ್ ಹೇಗಿದೆ?” ಎಂದು ಕೇಳಿದರೆ “ತುಂಬಾ ಚೆನ್ನಾಗಿದೆ” ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ಹೀಗೆ ಕೇಳಿ: “ಈ ಟೀಮಿನವರು ಎಷ್ಟು ಹೊತ್ತಿಗೆ ಲಾಗಿನ್ ಆಗ್ತಾರೆ, ಎಷ್ಟಕ್ಕೆ ಹೊರಡ್ತಾರೆ ಮೇಡಂ? ಹೋದ ತಿಂಗಳು ಎಷ್ಟು ಶನಿವಾರ ಕೆಲಸ ಇತ್ತು?” ಇದಕ್ಕೆ ತಡವರಿಸಿದರೆ ಅದೂ ಒಂದು ಉತ್ತರವೇ.

3. ಕ್ಲೈಂಟ್ ಯಾವ ದೇಶದವರು ಎಂದು ತಿಳಿದುಕೊಳ್ಳಿ. ‘ಜನರಲ್ ಶಿಫ್ಟ್’ ಎಂಬ ಹೆಸರಿನ ಒಳಗುಟ್ಟು ಇರುವುದೇ ಇಲ್ಲಿ. ನ್ಯೂಯಾರ್ಕಿನ ಬೆಳಗಿನ 11 ಗಂಟೆಯ ಮೀಟಿಂಗ್ ಅಲ್ಲಿನ ಬೇಸಿಗೆಯಲ್ಲಿ ನಮಗೆ ರಾತ್ರಿ 8.30; ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟರೆ 9.30. ಕ್ಯಾಲಿಫೋರ್ನಿಯಾದವರ ಬೆಳಗಿನ 9 ನಮಗೆ ರಾತ್ರಿ 9.30, ಚಳಿಗಾಲದಲ್ಲಿ 10.30. ಬೆಳಗ್ಗೆ 10ಕ್ಕೆ ಆಫೀಸಿಗೆ ಹೋದವರು ಈ ಕಾಲ್‌ಗಳಿಗೂ ಕೂರಬೇಕೇ? ಕೂತರೆ ಮರುದಿನ ತಡವಾಗಿ ಬರಬಹುದೇ? ಕೇಳಲೇಬೇಕಾದ ಪ್ರಶ್ನೆ ಇದು.

4. ನಿಮ್ಮ ಮಿತಿ ಹೇಳುವಾಗ ಮನೆ ಕಥೆ ಬೇಡ, ಕ್ಷಮೆಯೂ ಬೇಡ. “ಸಂಜೆ 6.30ಕ್ಕೆ ಹೊರಡಬೇಕಾಗುತ್ತೆ ಸರ್. ವಾರಕ್ಕೆ ಎರಡು ದಿನ ರಾತ್ರಿ 10ರವರೆಗೂ ಮನೆಯಿಂದ ಕಾಲ್ ತಗೊಳ್ತೀನಿ. ರಿಲೀಸ್ ಇದ್ದ ವಾರ ಇನ್ನೂ ಸ್ವಲ್ಪ ಹೆಚ್ಚು ಆದರೂ ಪರವಾಗಿಲ್ಲ.” ಇಷ್ಟು ಸಾಕು. ಆಗುವುದಿಲ್ಲ ಎಂಬುದರ ಜೊತೆಗೇ ಏನು ಆಗುತ್ತದೆ ಎಂಬುದೂ ಇರಲಿ.

5. ಕಾನೂನು ಗೊತ್ತಿರಲಿ, ಮೇಜಿನ ಮೇಲೆ ಹರವಬೇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ಹಾಕಿದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಮೀರಿದರೆ ದುಪ್ಪಟ್ಟು ಸಂಬಳ. ದಿನಕ್ಕೆ 10 ಗಂಟೆ ಮಾಡುವ ಪ್ರಸ್ತಾಪ 2025ರಲ್ಲಿ ಬಂದಾಗ ನೌಕರರ ಸಂಘಟನೆಗಳು ಗಲಾಟೆ ಎಬ್ಬಿಸಿದವು. ಮ್ಯಾನೇಜ್‌ಮೆಂಟ್ ಹುದ್ದೆಯವರು ಆ ಕಾಯ್ದೆಯ ಹೊರಗಿದ್ದಾರೆ. ಆದ್ದರಿಂದ ಡೆಸಿಗ್ನೇಶನ್‌ನಲ್ಲಿ ‘ಮ್ಯಾನೇಜರ್’ ಕಂಡ ಕೂಡಲೇ ಹಿಗ್ಗಬೇಡಿ.

6. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರಲ್ಲಿ ಹೇಳಿದ ವಾರಕ್ಕೆ 70 ಗಂಟೆಯ ದುಡಿಮೆಯ ಬಗ್ಗೆ ನಿಮ್ಮ ಅಭಿಪ್ರಾಯ ಕೇಳಿದರೆ ನಕ್ಕು, “ಈ ಹುದ್ದೆಗೆ ಎಷ್ಟು ಬೇಕಾಗುತ್ತೆ ಸರ್?” ಅನ್ನಿ.

7. ರಾತ್ರಿ ಪಾಳಿಯಾದರೆ ಕ್ಯಾಬ್ ಮನೆ ಬಾಗಿಲಿಗೆ ಬರುತ್ತದೋ, ಮೇನ್ ರೋಡಿಗೋ ಕೇಳಿ. ಮಹಿಳೆಯರ ರಾತ್ರಿ ಪಾಳಿಗೆ ಅವರ ಲಿಖಿತ ಒಪ್ಪಿಗೆ ಬೇಕು, ವಾಹನದ ವ್ಯವಸ್ಥೆ ಕಂಪನಿಯದೇ.

8. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಅಂದೇ ಸಂಜೆ ಮೇಲ್ ಮಾಡಿ: ಶಿಫ್ಟ್ ಸಮಯ, ವಾರದ ರಜೆ, ಮನೆಯಿಂದ ಕೆಲಸ ಮಾಡುವ ದಿನಗಳು. ಸಂದರ್ಶನ ಮಾಡಿದ ಮ್ಯಾನೇಜರ್ ನೀವು ಸೇರುವ ಹೊತ್ತಿಗೆ ಬೇರೆ ಪ್ರಾಜೆಕ್ಟಿಗೆ ಹೋಗಿರಬಹುದು. ಉತ್ತರ ಬರದಿದ್ದರೆ ಎರಡು ದಿನ ಬಿಟ್ಟು ಫೋನ್ ಮಾಡಿ. ಆಫರ್ ಲೆಟರಿಗೆ ಸಹಿ ಆಮೇಲೆ.