ಚರಗ ಚೆಲ್ಲುವ ಕೈ

ಮಕ್ಕಳಿಗೆ ಕೃತಜ್ಞತೆಯನ್ನು ಬಾಯಿಪಾಠ ಮಾಡಿಸುವ ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ: ಎಳ್ಳಮಾವಾಸ್ಯೆಯ ದಿನ ಬೀದರಿನ ಸುತ್ತಣ ಹೊಲಗಳಲ್ಲಿ, ಜೋಳದ ದಂಟಿನ ಗುಡಿಸಲೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಭಜ್ಜಿ, ಅಂಬಲಿ, ಸಜ್ಜೆರೊಟ್ಟಿಗಳನ್ನು ತಾವು ಉಣ್ಣುವುದಕ್ಕೆ ಮುನ್ನ ಪೈರಿಗೆ ಚರಗವಾಗಿ ಚೆಲ್ಲುವಾಗ, ಆ ಚರಗದ ಬುಟ್ಟಿಯನ್ನು ಮಗುವಿನ ಕೈಗೇ ಕೊಡಿರಿ. ಹಸಿದ ಹೊಟ್ಟೆಯಲ್ಲಿಯೂ ಮೊದಲ ತುತ್ತನ್ನು ಮಣ್ಣಿಗೆ ಅರ್ಪಿಸಿದ ಆ ಪುಟ್ಟ ಬೆರಳುಗಳಿಗೆ ಬೇರೆ ಉಪದೇಶದ ಅವಶ್ಯಕತೆ ಅಷ್ಟಾಗಿ ಇರದು. ಬಲವಂತದಿಂದ ಹೇಳಿಸಿದ ‘ಥ್ಯಾಂಕ್ಸ್’ ನಾಲಗೆಯ ತುದಿಯಲ್ಲಿಯೇ ಆರಿಹೋಗುವುದು. ಯಾರು, ಏನನ್ನು, ಎಷ್ಟು ಶ್ರಮಪಟ್ಟು ಕೊಟ್ಟರೆಂಬುದನ್ನು ಬಲ್ಲ ಮಗುವಿನಲ್ಲಾದರೋ ಕೃತಜ್ಞತೆ ತಾನಾಗಿಯೇ ಉಕ್ಕುವುದು.

ಭಾಲ್ಕಿಗೆ ಹೋದಾಗ ಹಿರೇಮಠದ ಮುಂದೆ ನಿಂತು, ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡವನ್ನು ಕಲಿಸಿದ ಆ ಮಠದ ಡಾ. ಚನ್ನಬಸವ ಪಟ್ಟದ್ದೇವರ ಕಥೆಯನ್ನು ಹೇಳಿರಿ. ಔರಾದಿನ ಶಾಲೆಯಲ್ಲಿ ಇಂದು ತಾನು ನಿರ್ಭಯವಾಗಿ ತಿದ್ದುವ ‘ಅ’ಕಾರವೂ ಹಿರಿಯರೊಬ್ಬರ ಋಣವೆಂದು ಮಗುವಿಗೆ ತಿಳಿಯಲಿ. ಆದರೆ ಅದಕ್ಕೂ ಮೊದಲು, ಶಾಲೆಯಲ್ಲಿ ಬಿಸಿಯೂಟ ಬಡಿಸುವ ತಾಯಿಯನ್ನು ನೀವೇ, ಮಗುವಿನ ಎದುರಿನಲ್ಲಿ, ‘ಅಕ್ಕಾ, ನಿಮ್ಮಿಂದ ದೊಡ್ಡ ಉಪಕಾರವಾಯಿತು’ ಎಂದು ಮಾತನಾಡಿಸಿರಿ.